ಎರಡು ‘ಫ್ರೆಂಚ್ ಕನೆಕ್ಷನ್’: ಯಾವುದನ್ನು ನೋಡಬೇಕು, ಯಾವಾಗ ನೋಡಬೇಕು?

ಸರಸ್ವತಿಪುರಂನ ನಮ್ಮ ಮನೆ ಮಹಡಿಯಲ್ಲಿ ಶನಿವಾರ ರಾತ್ರಿ ನಾಲ್ಕೈದು ಜನ ಸೇರಿ ಹಳೇ ಸಿನಿಮಾ ನೋಡುತ್ತೇವೆ. ಗೋಡೆಗೆ ಒಂದು ಬಿಳಿ ಪಂಚೆ, ಗೆಳೆಯನ ಪ್ರೊಜೆಕ್ಟರ್, ಒಂದು ಡಬ್ಬಿ ಹುರಿದ ಕಡಲೆಕಾಯಿ. ಅಷ್ಟೇ ಏರ್ಪಾಡು. ಕಳೆದ ತಿಂಗಳು ಹೊಸದಾಗಿ ಬರತೊಡಗಿದ ಹುಡುಗಿಯೊಬ್ಬಳು ಕೇಳಿದಳು: ‘ಅಣ್ಣಾ, ಫ್ರೆಂಚ್ ಕನೆಕ್ಷನ್ ಎರಡು ಇದೆಯಲ್ಲ, ಒಂದೇ ರಾತ್ರಿ ಎರಡನ್ನೂ ಮುಗಿಸಿಬಿಡೋಣ್ವಾ? ಇಲ್ಲಾಂದ್ರೆ ಚೆನ್ನಾಗಿರೋದನ್ನ ಮಾತ್ರ ನೋಡಿ ಇನ್ನೊಂದನ್ನ ಬಿಟ್ಟುಬಿಡೋಣ್ವಾ?’

ಎರಡೂ ಬೇಡ ಅಂದೆ. ಮೊದಲನೆಯದನ್ನು ಈ ವಾರ ನೋಡೋಣ. ಎರಡನೆಯದಕ್ಕೆ ಒಂದು ತಿಂಗಳು ಬಿಡೋಣ. ಆದರೆ ಬಿಟ್ಟುಬಿಡೋದು ಮಾತ್ರ ಬೇಡ. ಯಾಕೆ ಅಂತ ಅವಳು ಕೇಳಿದಳು. ಆವತ್ತು ಸರಿಯಾಗಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ‘ದಿ ಫ್ರೆಂಚ್ ಕನೆಕ್ಷನ್’ 1971ರ ಅಮೆರಿಕನ್ ಸಿನಿಮಾ. ನಿರ್ದೇಶಕ ವಿಲಿಯಂ ಫ್ರೀಡ್ಕಿನ್. ಫ್ರಾನ್ಸಿನ ಮಾರ್ಸೇ ಬಂದರಿನಿಂದ ನ್ಯೂಯಾರ್ಕಿಗೆ ಹೆರಾಯಿನ್ ಬರುತ್ತದೆ. ಅದನ್ನು ಹಿಡಿಯಲು ಪಾಪಾಯ್ ಡಾಯ್ಲ್ ಅನ್ನುವ ಪತ್ತೇದಾರಿ ಪೊಲೀಸ್ ಹಟಕ್ಕೆ ಬೀಳುತ್ತಾನೆ. ಆ ಪಾತ್ರ ಮಾಡಿದವರು ಜೀನ್ ಹ್ಯಾಕ್‌ಮನ್. ಜೊತೆಗಾರ ರುಸ್ಸೊ ಆಗಿ ರಾಯ್ ಶೈಡರ್. ಮಾಲು ಕಳಿಸುವ ಫ್ರೆಂಚ್ ದೊಡ್ಡಮನುಷ್ಯ ಶಾರ್ನಿಯೆ ಆಗಿ ಸ್ಪೇನಿನ ನಟ ಫರ್ನಾಂಡೊ ರೇ. ಈ ಸಿನಿಮಾಕ್ಕೆ ಐದು ಆಸ್ಕರ್ ಬಂತು: ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ಚಿತ್ರಕಥೆ, ಸಂಕಲನ. ‘ಫ್ರೆಂಚ್ ಕನೆಕ್ಷನ್ 2’ ಬಂದಿದ್ದು 1975ರಲ್ಲಿ. ನಿರ್ದೇಶಕ ಬೇರೆ, ಜಾನ್ ಫ್ರಾಂಕನ್‌ಹೈಮರ್. ಹ್ಯಾಕ್‌ಮನ್ ಮತ್ತು ರೇ ಇಬ್ಬರೂ ಇದ್ದಾರೆ. ಶೈಡರ್ ಇಲ್ಲ. ಆಸ್ಕರ್ ಪಟ್ಟಿಯಲ್ಲಿ ಇದರ ಹೆಸರೂ ಇಲ್ಲ. ಇವತ್ತಿಗೂ ಸಿನಿಮಾ ಮಾತಾಡುವವರು ಮೊದಲನೆಯದರ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಎರಡನೆಯದರ ಹೆಸರು ಬಂದರೆ ‘ಅದೊಂದು ಇದೆ’ ಅಂದು ಮುಂದೆ ಹೋಗುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಮೊದಲನೆಯದು: ಕಾಯುವವರ ಸಿನಿಮಾ

ನನ್ನ ಸೋದರಮಾವ ಮಂಡ್ಯದವರು. ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು. ಅವರಿಗೆ ಇಂಗ್ಲಿಷ್ ಬಾರದು. ಎರಡು ವರ್ಷದ ಹಿಂದೆ ನಮ್ಮ ಮನೆಗೆ ಬಂದಾಗ ಮೊದಲನೇ ಸಿನಿಮಾ ಹಾಕಿದೆ. ಅರ್ಧಕ್ಕೇ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಕೊನೆಯವರೆಗೂ ಕೂತರು.

ಅವರನ್ನು ಹಿಡಿದಿಟ್ಟಿದ್ದು ಆ ಹೆಸರಾಂತ ಕಾರಿನ ಓಟ ಅಲ್ಲ. ಒಂದು ಊಟದ ದೃಶ್ಯ. ಶಾರ್ನಿಯೆ ಮತ್ತು ಅವನ ಬಂಟ ಒಂದು ಒಳ್ಳೆಯ ಹೋಟೆಲಿನೊಳಗೆ ಕೂತು ನಿಧಾನಕ್ಕೆ ಊಟ ಮಾಡುತ್ತಾರೆ. ಒಂದಾದ ಮೇಲೆ ಒಂದು ತಟ್ಟೆ ಬರುತ್ತದೆ. ಹೊರಗೆ ರಸ್ತೆಯ ಆಚೆ ಬದಿ, ಕೊರೆಯುವ ಚಳಿಯಲ್ಲಿ ಡಾಯ್ಲ್ ನಿಂತಿದ್ದಾನೆ. ಕೈಯಲ್ಲಿ ಒಂದು ತುಂಡು ಪಿಜ್ಜಾ. ಕಾಲು ಜೋಮು ಹಿಡಿಯದಿರಲಿ ಅಂತ ಕುಣಿಯುತ್ತಿದ್ದಾನೆ. ಕಾಫಿ ಕುಡಿಯಲು ಹೋಗಿ, ರುಚಿ ಕೆಟ್ಟಿದೆ ಅಂತ ನೆಲಕ್ಕೆ ಚೆಲ್ಲುತ್ತಾನೆ. ಮಾತೇ ಇಲ್ಲ. ಮಾವ ಪಂಚೆಯತ್ತ ಕೈ ತೋರಿಸಿ, ‘ಇದೇ ಕಣಪ್ಪ ನಮ್ ಡ್ಯೂಟಿ’ ಅಂದರು. ‘ನಿಂತ್ಕಳದು.’

ಆಮೇಲೆ ದಸರಾ ಬಂದೋಬಸ್ತ್ ಕಥೆ ಬಂತು. ಜಂಬೂ ಸವಾರಿಯ ದಿನ ಬೆಳಗ್ಗೆಯೇ ಸಯ್ಯಾಜಿರಾವ್ ರಸ್ತೆಯಲ್ಲಿ ನಿಲ್ಲಿಸಿದ್ದರಂತೆ. ಅಂಬಾರಿ ಬರುವುದು ಸಂಜೆಗೆ. ಪೊಟ್ಟಣದಲ್ಲಿ ಕೊಟ್ಟ ಚಿತ್ರಾನ್ನ ಆರಿ ಮುದ್ದೆಯಾಗಿತ್ತು. ಹಿಂದಿನ ಬೀದಿಯ ಹೋಟೆಲಿನಿಂದ ಮಸಾಲೆ ದೋಸೆ ವಾಸನೆ ಬರುತ್ತಿತ್ತು. ಜನ ಎಲ್ಲ ಅರಮನೆ ಕಡೆ ನೋಡುತ್ತಿದ್ದರೆ ಇವರು ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಹತ್ತಾರು ದಸರಾ ಡ್ಯೂಟಿ ಮಾಡಿದ ಮಾವ ಅಂಬಾರಿಯನ್ನು ನೆಟ್ಟಗೆ ನೋಡಿದ್ದು ರಿಟೈರ್ ಆದ ಮೇಲೆ, ಟೀವಿಯಲ್ಲಿ.

ಮೊದಲನೇ ಸಿನಿಮಾದ ದೊಡ್ಡತನ ಇರುವುದು ಇಲ್ಲೇ. ಪೊಲೀಸ್ ಕೆಲಸ ಅಂದರೆ ಏನು ಅನ್ನುವುದನ್ನು ಅದು ಮೈಗೆ ತಾಗಿಸುತ್ತದೆ. ನಮ್ಮ ಖಾಕಿ ಸಿನಿಮಾಗಳ ಇನ್ಸ್‌ಪೆಕ್ಟರ್ ಪುಟಗಟ್ಟಲೆ ಡೈಲಾಗ್ ಹೊಡೆಯುತ್ತಾನೆ. ಡಾಯ್ಲ್ ಬೆನ್ನು ಬೀಳುತ್ತಾನೆ, ಕಾಯುತ್ತಾನೆ, ಹಿಂಬಾಲಿಸಿದವನನ್ನು ಕೈತಪ್ಪಿಸಿಕೊಳ್ಳುತ್ತಾನೆ, ಬೈಸಿಕೊಳ್ಳುತ್ತಾನೆ. ಫ್ರೀಡ್ಕಿನ್ ಸಾಕ್ಷ್ಯಚಿತ್ರ ಮಾಡಿ ಬಂದವರು. ಛಾಯಾಗ್ರಾಹಕ ಓವೆನ್ ರಾಯ್ಜ್‌ಮನ್ ಜೊತೆ ಸೇರಿ ನಿಜವಾದ ಬೀದಿಗಳಲ್ಲಿ, ಕ್ಯಾಮೆರಾ ಕೈಯಲ್ಲಿ ಹಿಡಿದು ಚಿತ್ರ ತೆಗೆಸಿದರು. ನೋಡುವಾಗ ಯಾರೋ ಕದ್ದು ನೋಡುತ್ತಿರುವ ಹಾಗೆ ಅನ್ನಿಸುತ್ತದೆ.

ಕಥೆಯ ಬುಡದಲ್ಲಿ ನಿಜವಾದ ಪ್ರಕರಣ ಇದೆ. 1960ರ ದಶಕದ ಆರಂಭದಲ್ಲಿ ಎಡ್ಡಿ ಈಗನ್ ಮತ್ತು ಸಾನಿ ಗ್ರಾಸೊ ಅನ್ನುವ ನ್ಯೂಯಾರ್ಕ್ ಪತ್ತೇದಾರರು ಹಿಡಿದದ್ದು. ಡಾಯ್ಲ್, ರುಸ್ಸೊ ಪಾತ್ರಗಳು ಇವರಿಂದಲೇ ಹುಟ್ಟಿದವು. ಅವರಿಬ್ಬರೂ ಸಿನಿಮಾದಲ್ಲಿ ಸಣ್ಣ ಪಾತ್ರಗಳಲ್ಲಿ ಬರುತ್ತಾರೆ. ಡಾಯ್ಲ್‌ಗೆ ಬೈಯುವ ಮೇಲಧಿಕಾರಿಯಾಗಿ ನಟಿಸಿದವರು ನಿಜವಾದ ಈಗನ್. ತನ್ನ ಹಟಕ್ಕೆ ತಾನೇ ಬೈಯುವ ಕೆಲಸ ಅವರ ಪಾಲಿಗೆ ಬಂತು.

ಇನ್ನು ಆ ಓಟ. ಬ್ರೂಕ್ಲಿನ್‌ನಲ್ಲಿ ಕಂಬಗಳ ಮೇಲೆ ರೈಲು ಓಡುತ್ತದೆ, ಕೆಳಗೆ ಕಂಬಗಳ ನಡುವೆ ಡಾಯ್ಲ್ ಯಾರದೋ ಕಾರು ಕಸಿದುಕೊಂಡು ಓಡಿಸುತ್ತಾನೆ. ಮೈಸೂರಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋದವರಿಗೆ ಕೆಂಗೇರಿ ಹತ್ತಿರ ಮೆಟ್ರೊ ಕಂಬಗಳ ಸಾಲು ಗೊತ್ತಲ್ಲ, ಮನಸ್ಸಿನಲ್ಲಿ ಆ ರಸ್ತೆಯನ್ನು ಇಟ್ಟುಕೊಳ್ಳಿ. ಮೇಲೆ ಹೋಗುತ್ತಿರುವ ರೈಲಿನಲ್ಲಿ ಕೊಲೆಗಾರ ಇದ್ದಾನೆ. ಮುಂದಿನ ಸ್ಟೇಷನ್ನಿಗೆ ಅದಕ್ಕಿಂತ ಮೊದಲು ನೀವು ಮುಟ್ಟಬೇಕು. ಈ ದೃಶ್ಯಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಟೈರು, ಹಾರ್ನು, ಹಳಿಯ ಸದ್ದು, ಅಷ್ಟೇ. ಕಾರು ಓಡಿಸಿದವರು ಸ್ಟಂಟ್ ಚಾಲಕ ಬಿಲ್ ಹಿಕ್‌ಮನ್, ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಹಿಡಿದು ಕೂತವರು ಸ್ವತಃ ಫ್ರೀಡ್ಕಿನ್. ರಸ್ತೆಯನ್ನು ಪೂರ್ತಿ ಮುಚ್ಚಿಸಿರಲಿಲ್ಲ. ಇವತ್ತು ಯಾರಾದರೂ ಹಾಗೆ ಮಾಡಿದರೆ ನಾನು ಒಪ್ಪುವುದಿಲ್ಲ. ಜನ ಓಡಾಡುವ ಬೀದಿ ಅದು. ಆದರೆ ಪರದೆಯ ಮೇಲೆ ಕಾಣುವ ಭಯ ನಿಜವಾದ ಭಯ ಅನ್ನುವುದು ನೋಡುವವರಿಗೆ ತಿಳಿದುಬಿಡುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಗ್ಯಾರೇಜಿನ ದೃಶ್ಯ. ಫ್ರಾನ್ಸಿನಿಂದ ಹಡಗಿನಲ್ಲಿ ಬಂದ ಒಂದು ದೊಡ್ಡ ಲಿಂಕನ್ ಕಾರನ್ನು ಪೊಲೀಸರು ಬಿಚ್ಚಿ ಹಾಕುತ್ತಾರೆ. ಸೀಟು, ನೆಲ, ಎಂಜಿನ್ ಎಲ್ಲ ಹೊರಗೆ. ಏನೂ ಸಿಗುವುದಿಲ್ಲ. ಆಗ ರುಸ್ಸೊ ಒಂದು ಲೆಕ್ಕ ಹಿಡಿಯುತ್ತಾನೆ. ಹಡಗಿಗೆ ಹತ್ತಿಸುವಾಗ ಬರೆದ ತೂಕ ಕಂಪನಿ ಹೇಳುವ ತೂಕಕ್ಕಿಂತ 120 ಪೌಂಡ್ ಜಾಸ್ತಿ ಇದೆ. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೊ. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಕಬ್ಬಿನ ಗಾಡಿಯನ್ನು ತುಂಬಿದ್ದಾಗ ಒಮ್ಮೆ ತೂಕ ಹಾಕುತ್ತಾರೆ, ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಮತ್ತೊಮ್ಮೆ. ಎರಡರ ನಡುವಿನ ಅಂತರವೇ ರೈತನ ವರ್ಷದ ದುಡಿಮೆ. ತೂಕ ಹೆಚ್ಚುಕಡಿಮೆ ಬಂದರೆ ಯಾರೂ ಸುಮ್ನೆ ಬಿಡುವುದಿಲ್ಲ. ಇಲ್ಲಿಯೂ ಹಾಗೇ. ಬಿಚ್ಚದೆ ಉಳಿದ ಒಂದೇ ಜಾಗ, ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪೊಳ್ಳು ತಗಡು. ಮಾಲು ಅದರೊಳಗಿದೆ.

ಎರಡು ಸಿನಿಮಾದ ವ್ಯತ್ಯಾಸ ನನಗೆ ಅರ್ಥವಾದದ್ದು ಈ ತೂಕದ ದೃಶ್ಯದಿಂದಲೇ. ಮೊದಲನೆಯದರಲ್ಲಿ ಹೆರಾಯಿನ್ ಒಂದು ಮಾಲು. ಅದಕ್ಕೆ ತೂಕ ಇದೆ, ಬೆಲೆ ಇದೆ, ಶುದ್ಧತೆ ಇದೆ. ಕೊಳ್ಳುವವರ ಕಡೆಯ ರಸಾಯನ ಗೊತ್ತಿರುವವನು ಚಿಟಿಕೆ ಪುಡಿಯನ್ನು ಕಾಯಿಸಿ ನೋಡಿ, ನೂರಕ್ಕೆ 89 ಭಾಗ ಶುದ್ಧ ಅನ್ನುತ್ತಾನೆ. ಚಿನ್ನ ಒರೆಗೆ ಹಚ್ಚುವ ಹಾಗೆ. ಆದರೆ ಆ ಪುಡಿ ಮನುಷ್ಯನ ಮೈಯೊಳಗೆ ಹೋದರೆ ಏನಾಗುತ್ತದೆ? ಅದರತ್ತ ಸಿನಿಮಾ ಕಣ್ಣು ಹಾಯಿಸುವುದೇ ಇಲ್ಲ. ಡಾಯ್ಲ್ ಕೂಡ ಹಾಯಿಸುವುದಿಲ್ಲ. ಅವನಿಗೆ ಬೇಕಾದದ್ದು ಶಾರ್ನಿಯೆ. ಬೇಟೆ.

ಇದು ಸಿನಿಮಾದ ಕೊರತೆ ಅಂತ ನಾನು ಹೇಳುತ್ತಿಲ್ಲ. ಅದರ ಬಿಗಿ ಇರುವುದೇ ಅದು ಬೇರೆ ಏನನ್ನೂ ನೋಡದಿರುವುದರಲ್ಲಿ. 104 ನಿಮಿಷದಲ್ಲಿ ಒಂದು ನಿಮಿಷವೂ ವ್ಯರ್ಥವಾಗಿಲ್ಲ. ಆದರೆ ಅದು ಬಿಟ್ಟುಹೋದ ಪ್ರಶ್ನೆ ಹಾಗೇ ಉಳಿಯುತ್ತದೆ.

ನಡುವಿನ ನಾಲ್ಕು ವರ್ಷ

ಇಲ್ಲಿಂದ ಮುಂದೆ ಮೊದಲನೆಯದರ ಕೊನೆ ಬರುತ್ತದೆ. ನೋಡದವರು ನೋಡಿಕೊಂಡು ಬನ್ನಿ. ಎರಡನೆಯದೊಂದು ಇದೆ ಅಂದ ಕೂಡಲೇ ಅರ್ಧ ಗುಟ್ಟು ಬಯಲಾಗಿಯೇ ಹೋಗಿರುತ್ತದೆ, ಅದು ಬೇರೆ ಮಾತು.

ಪಾಳುಬಿದ್ದ ಕಟ್ಟಡದಲ್ಲಿ ಕೊನೆಯ ಬೇಟೆ. ಡಾಯ್ಲ್ ಗುಂಡು ಹಾರಿಸುತ್ತಾನೆ. ಬಿದ್ದವನು ಶಾರ್ನಿಯೆ ಅಲ್ಲ, ತನ್ನದೇ ಕಡೆಯ ಅಧಿಕಾರಿ. ಡಾಯ್ಲ್ ಒಂದು ಕ್ಷಣವೂ ನಿಲ್ಲುವುದಿಲ್ಲ. ಗುಂಡು ತುಂಬಿಕೊಂಡು ಕತ್ತಲೊಳಗೆ ಹೋಗುತ್ತಾನೆ. ಒಂದು ಸದ್ದು. ಮುಗಿಯಿತು. ಆಮೇಲೆ ಪರದೆಯ ಮೇಲೆ ಅಕ್ಷರ ಬರುತ್ತವೆ: ಯಾರಿಗೆ ಎಷ್ಟು ಶಿಕ್ಷೆಯಾಯಿತು, ಯಾರು ಬಿಡುಗಡೆಯಾದರು. ಶಾರ್ನಿಯೆ ಸಿಗಲೇ ಇಲ್ಲ. ಡಾಯ್ಲ್, ರುಸ್ಸೊ ಇಬ್ಬರನ್ನೂ ಮಾದಕವಸ್ತು ವಿಭಾಗದಿಂದ ಎತ್ತಂಗಡಿ ಮಾಡಿದರು. ಮಾವನಿಗೆ ಇದನ್ನು ಓದಿ ಹೇಳಿದಾಗ ಅವರು ನಕ್ಕಿದ್ದು ಟ್ರಾನ್ಸ್‌ಫರ್ ಮಾತಿಗೆ ಮಾತ್ರ. ‘ಎಲ್ಲಾ ಕಡೆ ಒಂದೇ’ ಅಂದರು.

ಸಿನಿಮಾ ಬಂದ ಮೇಲೆ ನಿಜ ಜೀವನದಲ್ಲಿ ಇನ್ನೊಂದು ನಡೆಯಿತು. ಆ ಪ್ರಕರಣದಲ್ಲಿ ಹಿಡಿದ ಹೆರಾಯಿನ್ ನ್ಯೂಯಾರ್ಕ್ ಪೊಲೀಸರ ಉಗ್ರಾಣದಲ್ಲಿತ್ತು. ಅದು ಅಲ್ಲಿಂದಲೇ ಕಳುವಾಗಿದೆ ಅನ್ನುವುದು 1972ರ ಕೊನೆಯಲ್ಲಿ ಗೊತ್ತಾಯಿತು. ಮಾಲು ತೆಗೆದು ಪೊಟ್ಟಣಕ್ಕೆ ಹಿಟ್ಟು ತುಂಬಿಟ್ಟಿದ್ದರು. ಹಿಟ್ಟಿಗೆ ಹುಳ ಬಿದ್ದು ಗುಟ್ಟು ಹೊರಬಂತು. ಹೆರಾಯಿನ್‌ಗೆ ಹುಳ ಬೀಳುತ್ತದಾ? ರಾಗಿ ಹಿಟ್ಟಿನ ಡಬ್ಬಿ ತೆರೆದು ನೋಡಿದ ಯಾವ ಅಮ್ಮನಿಗೂ ಅನುಮಾನ ಬರುತ್ತಿತ್ತು. ಚಳಿಯಲ್ಲಿ ನಿಂತು, ಕಾರು ಬಿಚ್ಚಿ, ತೂಕ ಹಾಕಿ ಹಿಡಿದ ಮಾಲು ಮತ್ತೆ ಬೀದಿಗೆ ಹೋಯಿತು. ಇದನ್ನು ತಿಳಿದುಕೊಂಡ ಮೇಲೆ ಮೊದಲನೇ ಸಿನಿಮಾದ ಕೊನೆ ನನಗೆ ಇನ್ನೂ ಭಾರವಾಗಿ ಕಾಣುತ್ತದೆ.

ಎರಡನೆಯದು: ಮಾಲು ಮೈಯೊಳಗೆ ಹೋದಾಗ

ಎರಡನೆಯದರ ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಅರ್ಧ ಗಂಟೆ ಸಡಿಲ. ಡಾಯ್ಲ್ ಶಾರ್ನಿಯೆಯನ್ನು ಹುಡುಕಿಕೊಂಡು ಮಾರ್ಸೇಗೆ ಬರುತ್ತಾನೆ. ಬಣ್ಣಬಣ್ಣದ ಹೂವಿನ ಶರ್ಟು, ತಲೆಗೆ ಅದೇ ಹಳೇ ಟೋಪಿ. ಭಾಷೆ ಬಾರದೆ ಬಾರಿನಲ್ಲಿ ಪರದಾಡುತ್ತಾನೆ, ಅಲ್ಲಿನ ಪೊಲೀಸ್ ಅಧಿಕಾರಿ ಬಾರ್ತೆಲೆಮಿ ಜೊತೆ ಜಗಳವಾಡುತ್ತಾನೆ. ಕೆಲವು ಕಡೆ ನಗು ಬರುತ್ತದೆ, ಕೆಲವು ಕಡೆ ಎಳೆದಂತೆ ಅನ್ನಿಸುತ್ತದೆ. ರುಸ್ಸೊ ಇಲ್ಲದ್ದು ದೊಡ್ಡ ನಷ್ಟ. ಮೊದಲನೆಯದರಲ್ಲಿ ಡಾಯ್ಲ್‌ನ ಒರಟುತನಕ್ಕೆ ಕಡಿವಾಣ ಹಾಕುತ್ತಿದ್ದವನು ಅವನೇ. ಶಾರ್ನಿಯೆಗೂ ಇಲ್ಲಿ ಅಷ್ಟು ಕೆಲಸ ಇಲ್ಲ. ಸಬ್‌ವೇ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲಿಗೆ ಕೊಡೆ ಕೊಟ್ಟು ಡಾಯ್ಲ್‌ನನ್ನು ಏಮಾರಿಸಿ, ಹೊರಟ ರೈಲಿನಿಂದ ಕೈ ಬೀಸಿದ ಆ ಚಾಲಾಕಿ ಮನುಷ್ಯ ಇಲ್ಲಿ ಬರೀ ಕೋಟು ತೊಟ್ಟ ಶತ್ರು. ಕಥೆಯಲ್ಲೂ ನಿಜದ ಬುಡ ಇಲ್ಲ. ಇದು ಪೂರಾ ಕಟ್ಟಿದ ಕಥೆ.

ಹಾಗಾದರೆ ಯಾಕೆ ನೋಡಬೇಕು?

ಶಾರ್ನಿಯೆಯ ಜನ ಡಾಯ್ಲ್‌ನನ್ನು ಹಿಡಿದು ಒಂದು ಕೊಳಕು ಹೋಟೆಲಿನ ಕೋಣೆಯಲ್ಲಿ ಕೂಡಿ ಹಾಕುತ್ತಾರೆ. ಹೊಡೆಯುವುದಿಲ್ಲ. ತೋಳಿಗೆ ಹೆರಾಯಿನ್ ಚುಚ್ಚುತ್ತಾರೆ. ಮರುದಿನ ಮತ್ತೆ. ವಾರಗಟ್ಟಲೆ. ಮೊದಮೊದಲು ಒದರಾಡುವ ಡಾಯ್ಲ್ ಕೊನೆಕೊನೆಗೆ ಸೂಜಿ ಬರುವ ಹೊತ್ತಿಗೆ ತಾನೇ ತೋಳು ಚಾಚುತ್ತಾನೆ. ಎಷ್ಟೋ ಕಿಲೊ ಹಿಡಿದು ತೂಗಿದ್ದ ಆ ಮಾಲು ಈಗ ಹನಿಹನಿಯಾಗಿ ಅವನ ರಕ್ತದಲ್ಲಿದೆ. ಮೊದಲನೇ ಸಿನಿಮಾ ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಅದೂ ಯಾರೋ ಬೀದಿ ಹುಡುಗನ ಮೈಯಲ್ಲಿ ಅಲ್ಲ, ಡಾಯ್ಲ್‌ನ ಮೈಯಲ್ಲೇ.

ಆ ಕೋಣೆಗೆ ಒಬ್ಬ ಮುದುಕಿ ಬರುತ್ತಾಳೆ. ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿಸುತ್ತಾಳೆ. ಅಜ್ಜಿಯೊಬ್ಬಳು ಕನಿಕರ ತೋರಿಸುತ್ತಿದ್ದಾಳೆ ಅಂದುಕೊಳ್ಳುತ್ತೇವೆ. ಮಾತಾಡುತ್ತಲೇ ಅವನ ಕೈಗಡಿಯಾರ ಬಿಚ್ಚಿಕೊಳ್ಳುತ್ತಾಳೆ. ಅವಳ ತೋಳಿನಲ್ಲೂ ಸೂಜಿ ಗುರುತು. 80 ದಾಟಿದ್ದ ಇಂಗ್ಲಿಷ್ ನಟಿ ಕ್ಯಾಥ್ಲೀನ್ ನೆಸ್ಬಿಟ್ ಆ ಪಾತ್ರ ಮಾಡಿದ್ದಾರೆ. ಮೊದಲನೇ ಸಿನಿಮಾದಲ್ಲಿ ಇಂಥ ಒಂದು ದೃಶ್ಯಕ್ಕೂ ಜಾಗ ಇರಲಿಲ್ಲ.

ಆಮೇಲೆ ಅವನನ್ನು ಠಾಣೆಯ ಮುಂದೆ ಎಸೆದು ಹೋಗುತ್ತಾರೆ. ಬಾರ್ತೆಲೆಮಿ ಅವನನ್ನು ನೆಲಮಾಳಿಗೆಯ ಕೋಣೆಯಲ್ಲಿ ಬೀಗ ಹಾಕಿ ಇಡುತ್ತಾನೆ. ಔಷಧಿ ಇಲ್ಲ, ಹೆರಾಯಿನ್ ಇಲ್ಲ. ಬೆವರು, ನಡುಕ, ವಾಂತಿ, ಬೇಡಿಕೊಳ್ಳುವುದು, ಚಾಕೊಲೇಟ್ ಕೇಳುವುದು, ಬೈಯುವುದು. ಸಿನಿಮಾ ಇಲ್ಲಿ ಅವಸರ ಮಾಡುವುದಿಲ್ಲ. ಒಂದು ರಾತ್ರಿ ಡಾಯ್ಲ್ ಬೇಸ್‌ಬಾಲ್ ಬಗ್ಗೆ ಮಾತಾಡಲು ಶುರುಮಾಡುತ್ತಾನೆ. ಹರೆಯದಲ್ಲಿ ದೊಡ್ಡ ತಂಡದ ಆಯ್ಕೆಗೆ ಹೋಗಿದ್ದನಂತೆ. ಅಲ್ಲಿ ಮಿಕ್ಕಿ ಮ್ಯಾಂಟಲ್ ಅನ್ನುವ ಹುಡುಗನ ಆಟ ಕಂಡನಂತೆ. ಕಂಡ ಮೇಲೆ ತನ್ನ ಕಥೆ ಇಷ್ಟೇ ಅಂತ ಗೊತ್ತಾಗಿ ಪೊಲೀಸ್ ಪರೀಕ್ಷೆ ಬರೆದನಂತೆ. ಎದುರಿಗೆ ಕೂತ ಫ್ರೆಂಚ್ ಅಧಿಕಾರಿಗೆ ಮ್ಯಾಂಟಲ್ ಯಾರು ಅಂತಲೇ ಗೊತ್ತಿಲ್ಲ. ನಮಗೂ ಗೊತ್ತಿಲ್ಲ. ರಣಜಿ ಆಯ್ಕೆಗೆ ಹೋಗಿ ಇನ್ನೊಬ್ಬ ಹುಡುಗನ ಬ್ಯಾಟಿನ ಸದ್ದು ಕೇಳಿಯೇ ಕಿಟ್ ಕಟ್ಟಿಕೊಂಡು ವಾಪಸು ಬಂದವನನ್ನು ನೆನೆಸಿಕೊಳ್ಳಿ, ಸಾಕು. ನಗುತ್ತಾ ಶುರುವಾದ ಮಾತು ಅಳುವಿನಲ್ಲಿ ಮುಗಿಯುತ್ತದೆ. ಹ್ಯಾಕ್‌ಮನ್‌ಗೆ ಆಸ್ಕರ್ ಬಂದದ್ದು ಮೊದಲನೆಯದಕ್ಕೆ. ಅದು ಸರಿಯೇ. ಆದರೆ ಅವರ ದೊಡ್ಡ ನಟನೆ ನನ್ನ ಮಟ್ಟಿಗೆ ಈ ಕೋಣೆಯಲ್ಲಿದೆ.

ಮೊದಲನೆಯದರಲ್ಲಿ ಡಾಯ್ಲ್ ಯಾರು ಅಂತ ನಮಗೆ ಗೊತ್ತಾಗುವುದೇ ಇಲ್ಲ. ಅವನಿಗೆ ಮನೆ ಅನ್ನುವುದೊಂದು ಇದೆ, ಆದರೆ ಮನೆಯವರಿಲ್ಲ. ಹಿಂದಿನ ಕಥೆಯೂ ಇಲ್ಲ. ಬಾಯಿ ಹೊಲಸು, ಕರಿಯರ ಮೇಲೆ ಕೀಳು ಮಾತು, ಕೈ ಮುಂದು. ಈ ಪಾತ್ರದ ಒರಟುತನ ಹ್ಯಾಕ್‌ಮನ್‌ಗೇ ಶುರುವಿನಲ್ಲಿ ಹಿಡಿಸಿರಲಿಲ್ಲ. ಎರಡನೆಯದು ಅದೇ ಮನುಷ್ಯನ ಸಿಪ್ಪೆ ಸುಲಿದು ಒಳಗೆ ಏನಿದೆ ಅಂತ ತೋರಿಸುತ್ತದೆ. ಅವನನ್ನು ಒಳ್ಳೆಯವನಾಗಿ ಮಾಡುವುದಿಲ್ಲ. ಚೇತರಿಸಿಕೊಂಡ ಕೂಡಲೇ ಅವನು ಮಾಡುವ ಮೊದಲ ಕೆಲಸ, ತನ್ನನ್ನು ಕೂಡಿ ಹಾಕಿದ್ದ ಹೋಟೆಲನ್ನು ಹುಡುಕಿ ಬೆಂಕಿ ಹಚ್ಚುವುದು.

ಈ ಭಾಗವನ್ನು ನಾನು ಹಾಸ್ಟೆಲ್ ದಿನಗಳ ಗೆಳೆಯನೊಬ್ಬನ ಜೊತೆ ನೋಡಿದೆ. ಅವನು ಕೆಲವು ವರ್ಷದ ಹಿಂದೆ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಬಂದವನು. ಕುಡಿತ ಬಿಡಿಸಲು ಮನೆಯವರು ಸೇರಿಸಿದ್ದರು. ಅಲ್ಲಿ ಔಷಧಿಗಿಂತ ಬೀಗವೇ ಜಾಸ್ತಿ ಇತ್ತು ಅಂತ ಒಮ್ಮೆ ಹೇಳಿದ್ದ. ಸಿನಿಮಾದ ನಡುವೆ ಎದ್ದು ಹೊರಗೆ ಹೋದ. ನಾನೂ ಹಿಂದೆ ಹೋದೆ. ಇಬ್ಬರೂ ಕುಕ್ಕರಹಳ್ಳಿ ಕೆರೆ ಪಕ್ಕದ ರಸ್ತೆಯಲ್ಲಿ ಅರ್ಧ ಗಂಟೆ ನಡೆದೆವು. ಅವನು ಹೇಳಿದ್ದು ಒಂದೇ ಮಾತು: ‘ಚಾಕೊಲೇಟ್ ಕೇಳ್ತಾನಲ್ಲ, ಅದು ಹಾಗೇ ಕಣೋ.’ ಆಮೇಲೆ ವಾಪಸು ಬಂದು ಉಳಿದದ್ದನ್ನು ನೋಡಿದೆವು.

ಹಾಗಾಗಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸಿನಿಮಾದಲ್ಲಿ ತೋರಿಸಿದ್ದು ಚಿಕಿತ್ಸೆ ಅಲ್ಲ. ಹೆರಾಯಿನ್ ಥಟ್ಟನೆ ನಿಲ್ಲಿಸಿದಾಗ ಮೈಕೈ ನೋವು, ವಾಂತಿ, ಭೇದಿ, ನಿದ್ದೆ ಇಲ್ಲದಿರುವುದು ಮೊದಲ ಎರಡು ಮೂರು ದಿನ ತೀರಾ ಜೋರಾಗಿರುತ್ತದೆ. ಅದನ್ನು ತಗ್ಗಿಸಲು ಈಗ ಒಳ್ಳೆಯ ಔಷಧಿಗಳಿವೆ. ಕುಡಿತದ ವಿಷಯದಲ್ಲಂತೂ ವರ್ಷಗಟ್ಟಲೆ ಕುಡಿದವರನ್ನು ವೈದ್ಯರಿಲ್ಲದೆ ಒಮ್ಮೆಗೇ ಬಿಡಿಸಲು ಹೋದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಮನೆಯಲ್ಲಿ ಇಂಥ ಕಷ್ಟ ಇರುವವರು ಬೀಗ ಹುಡುಕಬೇಡಿ, ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. 14446 ಅನ್ನುವ ಸಹಾಯವಾಣಿಯೂ ಇದೆ.

ಊರು, ಕ್ಯಾಮೆರಾ, ಕೊನೆ

ಮೊದಲನೆಯದು ಶುರುವಾಗುವುದೂ ಮಾರ್ಸೇಯಲ್ಲೇ ಅನ್ನುವುದು ಹಲವರಿಗೆ ನೆನಪಿರುವುದಿಲ್ಲ. ಬ್ರೆಡ್ಡು ಹಿಡಿದು ಮನೆಗೆ ಬಂದ ಮಫ್ತಿ ಪೊಲೀಸನನ್ನು ಬಾಗಿಲಲ್ಲೇ ಕೊಲ್ಲುತ್ತಾರೆ. ಕೊಂದವನು ಹೋಗುವ ಮುಂಚೆ ಆ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಕಥೆ ನ್ಯೂಯಾರ್ಕಿನ ಚಳಿಗೆ ಬರುತ್ತದೆ. ಎರಡನೆಯದು ಮತ್ತೆ ಆ ಬಂದರಿಗೇ ಹೋಗುತ್ತದೆ, ಬಿಸಿಲಿಗೆ. ಫ್ರಾಂಕನ್‌ಹೈಮರ್ ಫ್ರಾನ್ಸಿನಲ್ಲಿ ಇದ್ದು ಬಂದವರು, ಆ ಊರನ್ನು ಪ್ರವಾಸಿಯ ಹಾಗೆ ನೋಡುವುದಿಲ್ಲ. ಛಾಯಾಗ್ರಾಹಕ ಕ್ಲೋಡ್ ರೆನ್ವಾರ್, ಹೆಸರಾಂತ ಚಿತ್ರಕಾರ ರೆನ್ವಾರ್ ಅವರ ಮೊಮ್ಮಗ. ಬಿಸಿಲು, ತುಕ್ಕು, ಗಲ್ಲಿ, ಒಣಹಾಕಿದ ಬಟ್ಟೆ. ಚೆಂದ ಇದೆ. ಆದರೆ ನ್ಯೂಯಾರ್ಕಿನ ಆ ಕೊಳೆ ಮಂಜಿನ ಬಿಗಿ ಇಲ್ಲ.

ಸಂಗೀತ ಎರಡಕ್ಕೂ ಡಾನ್ ಎಲ್ಲಿಸ್ ಅವರದೇ. ಎರಡೂ ಚೆನ್ನಾಗಿದೆ, ಮೊದಲನೆಯದು ಸ್ವಲ್ಪ ಜಾಸ್ತಿ ಚೆನ್ನಾಗಿದೆ.

ಎರಡನೆಯದರ ಕೊನೆಯಲ್ಲೂ ಓಟ ಇದೆ, ಆದರೆ ಕಾರಿಲ್ಲ. ಮೈ ಸೋತ, 40 ದಾಟಿದ ಮನುಷ್ಯ ಬಂದರಿನ ದಂಡೆಯುದ್ದಕ್ಕೂ ಕಾಲಲ್ಲಿ ಓಡುತ್ತಾನೆ. ಏದುಸಿರು ಕೇಳುತ್ತದೆ. ಮೊದಲನೆಯದರಲ್ಲಿ ಕಾರು ಗೋಡೆಗೆ ಗುದ್ದಿದರೆ ನಮಗೆ ಎದೆ ಝಲ್ಲೆನ್ನುತ್ತದೆ. ಇಲ್ಲಿ ಅವನ ಎದೆ ಒಡೆದುಹೋಗುತ್ತದೇನೋ ಅನ್ನಿಸುತ್ತದೆ. ಆ ಕೋಣೆಯ ಇರುಳುಗಳನ್ನು ನೋಡಿದವರಿಗೆ ಈ ಓಟದ ಬೆಲೆ ಗೊತ್ತು. ಏನಾಗುತ್ತದೆ ಅಂತ ಹೇಳುವುದಿಲ್ಲ. ಸಿನಿಮಾ ಥಟ್ಟನೆ ನಿಲ್ಲುತ್ತದೆ ಅನ್ನುವುದನ್ನು ಮಾತ್ರ ತಿಳಿದಿರಿ. ಪ್ರೊಜೆಕ್ಟರ್ ಕೆಟ್ಟಿತು ಅಂದುಕೊಂಡು ನಮ್ಮ ಗೆಳೆಯ ಒಮ್ಮೆ ವೈರು ಅಲ್ಲಾಡಿಸಿ ನೋಡಿದ್ದ.

ನಿಮಗೆ ಯಾವುದು?

ಒಂದೇ ಸಿನಿಮಾಕ್ಕೆ ಹೊತ್ತಿರುವುದು ಅಂದರೆ ಮೊದಲನೆಯದು. ಇದರಲ್ಲಿ ಎರಡು ಮಾತಿಲ್ಲ. ಸಿನಿಮಾ ಮಾಡುವುದನ್ನು ಕಲಿಯುತ್ತಿರುವ ಹುಡುಗರು, ಎಡಿಟಿಂಗ್ ಮಾಡುವವರು ಇದನ್ನು ಎರಡು ಸಲ ನೋಡಲಿ, ಒಂದು ಸಲ ಸದ್ದು ನಿಲ್ಲಿಸಿ. ಇಂಗ್ಲಿಷ್ ಕಷ್ಟ ಅನ್ನುವ ಹಿರಿಯರ ಜೊತೆ ನೋಡುವುದಾದರೂ ಇದೇ. ಮಾವನಿಗೆ ನಾನು ನಡುವೆ ಹೇಳಿಕೊಡಬೇಕಾಗಿದ್ದು ನಾಲ್ಕೈದು ಕಡೆ ಮಾತ್ರ.

ನಟನೆಗಾಗಿ ಸಿನಿಮಾ ನೋಡುವವರು, ರಂಗಭೂಮಿಯವರು, ನಮ್ಮ ರಂಗಾಯಣದ ನಾಟಕ ತಪ್ಪದೆ ನೋಡುವಂಥವರು ಎರಡನೆಯದನ್ನು ಬಿಡಬೇಡಿ. ಮೊದಲ ಅರ್ಧ ಗಂಟೆ ತಾಳ್ಮೆ ಇಟ್ಟುಕೊಳ್ಳಿ. 119 ನಿಮಿಷದ ಸಿನಿಮಾ, ಅದರ ಜೀವ ಇರುವುದು ನಡುವಿನಲ್ಲಿ. ಮೊದಲನೆಯದನ್ನು ನೋಡದೆ ಎರಡನೆಯದಕ್ಕೆ ಹೋಗಬೇಡಿ. ಡಾಯ್ಲ್ ಎಷ್ಟು ಗಟ್ಟಿ ಆಸಾಮಿ ಅಂತ ಗೊತ್ತಿಲ್ಲದಿದ್ದರೆ ಅವನು ಮುರಿದದ್ದು ತಟ್ಟುವುದಿಲ್ಲ.

ಎರಡನ್ನೂ ಒಂದೇ ರಾತ್ರಿ ಯಾಕೆ ಬೇಡ ಅಂದರೆ, ಮೊದಲನೆಯದರ ಓಟ ಮೈಯಲ್ಲಿ ಇನ್ನೂ ಓಡುತ್ತಿರುವಾಗ ಎರಡನೆಯದು ಕೂತುಬಿಟ್ಟ ಹಾಗೆ ಕಾಣುತ್ತದೆ. ನನಗೂ ಮೊದಲ ಸಲ ಹಾಗೇ ಆಯಿತು. ಅರ್ಧಕ್ಕೆ ನಿಲ್ಲಿಸಿ ಮಲಗಿದೆ. ಒಂದೆರಡು ವರ್ಷ ಬಿಟ್ಟು ಒಂದು ಮಳೆಯ ದಿನ ಸುಮ್ನೆ ಹಾಕಿ ನೋಡಿದಾಗಲೇ ಅದು ಬೇರೆಯದೇ ಸಿನಿಮಾ ಅಂತ ತಿಳಿದದ್ದು. ಇನ್ನಷ್ಟು ಗುದ್ದಾಟ ಬೇಕು ಅಂತ ಹೋದವರಿಗೆ ಅದು ಸಿಗುವುದಿಲ್ಲ, ಹೋದವರು ಬೈದು ಬರುತ್ತಾರೆ.

ಎರಡೂ ಮಕ್ಕಳಿಗಲ್ಲ. ಮೊದಲನೆಯದರಲ್ಲಿ ಜನಾಂಗದ ಬಗ್ಗೆ ಕೀಳು ಮಾತುಗಳಿವೆ, ಮೈ ಉರಿಯುತ್ತದೆ. ಡಾಯ್ಲ್ ಎಂಥವನು ಅಂತ ತಿಳಿಯಲು ಅವು ಬೇಕು ಅನ್ನುವುದು ನನ್ನ ಅಭಿಪ್ರಾಯ. 2023ರಲ್ಲಿ ಸ್ಟ್ರೀಮಿಂಗ್‌ನಲ್ಲಿ ಬಂದ ಪ್ರತಿಯಲ್ಲಿ ಅಂಥ ಒಂದು ತುಣುಕನ್ನು ಹೇಳದೆ ಕತ್ತರಿಸಿದ್ದಾರೆ ಅಂತ ದೊಡ್ಡ ಗಲಾಟೆಯೂ ಆಯಿತು. ಹಳೆಯ ಡಿಸ್ಕ್ ಸಿಕ್ಕರೆ ಅದನ್ನೇ ನೋಡಿ. ಎರಡನೆಯದನ್ನು ವ್ಯಸನದಿಂದ ಹೊರಬರುತ್ತಿರುವವರಿಗೆ ಅವರಾಗಿ ಕೇಳದೆ ತೋರಿಸಬೇಡಿ. ಕೇಳಿದರೆ ಪಕ್ಕದಲ್ಲಿ ಕೂತಿರಿ. ಬಾಗಿಲು ತೆರೆದಿರಲಿ.

ಆ ಹುಡುಗಿ ಮೊದಲನೆಯದನ್ನು ನೋಡಿಯಾಗಿದೆ. ಎರಡನೆಯದು ಬರುವ ಶನಿವಾರ. ಮಂಡ್ಯದಿಂದ ಮಾವನೂ ಬರುತ್ತೇನೆ ಅಂದಿದ್ದಾರೆ. ಅವರು ಸರ್ವಿಸ್‌ನಲ್ಲಿದ್ದಾಗ ಒಬ್ಬ ಆರೋಪಿಯನ್ನು ಕರೆತರಲು ಉತ್ತರದ ಕಡೆ ಒಂದು ಊರಿಗೆ ಹೋಗಿದ್ದರು. ಹಿಂದಿ ಒಂದಕ್ಷರ ಬಾರದು. ಅಲ್ಲಿನ ಠಾಣೆಯವರು ಒಂದು ಬೆಂಚು ತೋರಿಸಿ ಕೂರಿಸಿದರಂತೆ. ಮೂರು ದಿನ ಆ ಬೆಂಚಿನ ಮೇಲೆ. ಟೀ ಬೇಕು ಅನ್ನುವುದನ್ನೂ ಕೈಸನ್ನೆಯಲ್ಲೇ ಹೇಳಿದರಂತೆ. ಮಾರ್ಸೇಯ ಬಾರಿನಲ್ಲಿ ಡಾಯ್ಲ್ ಒಂದು ಗ್ಲಾಸ್ ವಿಸ್ಕಿ ಕೇಳಲು ಒದ್ದಾಡುವ ದೃಶ್ಯ ನನಗೆ ಎಳೆದಂತೆ ಅನ್ನಿಸುತ್ತದೆ ಅಂತ ಮೇಲೆ ಬರೆದಿದ್ದೇನೆ. ಮಾವ ಅದನ್ನು ನೋಡಿ ಏನನ್ನುತ್ತಾರೋ ಕೇಳಬೇಕು.